ಹುಲ್ಲು ಹೋಯ್ತು, ಗೊಬ್ಬರ ಬಂತು

ಹೊನ್ನಾಳಿಯಿಂದ ಜಗಳೂರಿನವರೆಗೆ ಹೊಲ ಹೊಲ ಅಲೆದು ಮಣ್ಣು ಪರೀಕ್ಷೆ ಮಾಡಿಸುವುದು ನನ್ನ ನೌಕರಿ. ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ನಗಬೇಕು ಅನ್ನುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಅಳುತ್ತಿರುತ್ತಾರೆ, ಅದೇ ತೊಂದರೆ.

ಫಸ್ಟ್ ಕ್ಲಾಸ್ ಮಣ್ಣು

ಕತ್ತಲಗೆರೆ ಕಡೆ ಯಜಮಾನರೊಬ್ಬರ ಹೊಲ ಕೆರೆಗೆ ಅಂಟಿಕೊಂಡೇ ಇದೆ. ಪ್ರತಿ ಬೆಳೆಗೂ ಡಿಎಪಿ ರಸಗೊಬ್ಬರ, ಅದರ ಮೇಲೆ ಕೋಳಿಗೊಬ್ಬರ ಸುರಿಯುತ್ತಿದ್ದರು. ಅವುಗಳಲ್ಲಿ ಬೆಳೆ ಉಂಡು ಮಿಕ್ಕ ರಂಜಕ, ಅಂದರೆ ಫಾಸ್ಫರಸ್, ಮಳೆಗೆ ಕೊಚ್ಚಿಹೋಗಿ ಕೆರೆ ಸೇರಿತು. ನೀರಿನ ಮೇಲೆ ದಪ್ಪ ಹಸಿರು ವಿಷಪಾಚಿ ಕಟ್ಟಿತು. ಆ ನೀರು ಕುಡಿದು ಏರಿಯ ಕೆಳಗಿನ ಒಬ್ಬ ಅಜ್ಜಿಯ ಎಮ್ಮೆ ಸತ್ತಿತು. ಅವಳ ಬದುಕು ಅದರ ಹಾಲಿನ ಮೇಲೇ ನಡೆಯುತ್ತಿತ್ತು.

ನಾನು ಮಣ್ಣು ಪರೀಕ್ಷೆ ಮಾಡಿಸಿ, "ನಿಮ್ಮ ಹೊಲದಲ್ಲಿ ರಂಜಕ ವಿಪರೀತ ಇದೆ" ಎಂದೆ. ಯಜಮಾನರು ಚಹಾ ಅಂಗಡಿ ಮುಂದೆ ಮೀಸೆ ತಿರುವಿದರು. "ಕೇಳಿದ್ರೇನ್ರಪ್ಪಾ, ಚನ್ನಗಿರಿ ತಾಲ್ಲೂಕಿಗೇ ನನ್ನ ಮಣ್ಣು ಫಸ್ಟ್ ಕ್ಲಾಸ್ ಐತಂತೆ!"

ದುಡಿಯುವ ಹುಲ್ಲು

"ಇನ್ನು ಗೊಬ್ಬರ ನಿಲ್ಲಿಸಿ. ಮೇವಿನ ನೇಪಿಯರ್ ಹುಲ್ಲು ಹಾಕಿ, ಕೊಯ್ದು ಕೊಯ್ದು ಹೊರಗೆ ಸಾಗಿಸಿ. ರಂಜಕವನ್ನು ಅದೇ ಹೀರಿಕೊಳ್ಳುತ್ತೆ" ಎಂದೆ. ಒಪ್ಪಿದರು. ಹುಲ್ಲು ಆಳೆತ್ತರ ಬೆಳೆಯಿತು. ನಾನು ಹಿರಿಹಿರಿ ಹಿಗ್ಗುತ್ತಾ ಬದುವಿನ ಮೇಲೆ ನಡೆದರೆ ಕಾಲಿಗೆ ಡಿಎಪಿಯ ಖಾಲಿ ಚೀಲ ತೊಡರಿತು.

"ಏನ್ರೀ ಇದು?"

"ಪಾಪ, ಹುಲ್ಲು ನಮಗೋಸ್ಕರ ದುಡೀತೈತ್ರಿ. ದುಡಿಯೋರನ್ನ ಉಪಾಸ ಕೆಡವಾಕೆ ಆಗ್ತೈತೇನ್ರಿ?"

ಅಪ್ಪನ ಕಾಲದ್ದು

ಈ ಕಥೆಯನ್ನು ಜಗಳೂರಿನಲ್ಲಿ ಹೇಳಿದೆ. ಬಡ ನೆಲದ ರೈತರೊಬ್ಬರು, "ಹೆಚ್ಚಾಗಿದ್ರೆ ಆ ಮಣ್ಣು ಒಂದು ಟ್ರ್ಯಾಕ್ಟರ್ ನಮಗೆ ಕೊಡ್ತಾರೇನ್ ಕೇಳ್ರಿ" ಎಂದರು. ಕೇಳಿದೆ. ಯಜಮಾನರಿಗೆ ಸಿಟ್ಟು ಬಂತು.

"ವಿಷಾನೇ ಆಗ್ಲಿ ಸಾರ್, ನಮ್ಮಪ್ಪ ಗಳಿಸಿದ್ದು. ಕೊಡಾಕಿಲ್ಲ!"

ವಾಪಸ್

ಕೊನೆಗೆ ಡಿಎಪಿ ನಿಂತಿತು. ಆ ಹೊತ್ತಿಗೆ ಅಜ್ಜಿ ನ್ಯಾಮತಿಯ ತಮ್ಮನ ಮನೆಯಿಂದ ಇನ್ನೊಂದು ಎಮ್ಮೆ ತಂದಿದ್ದಳು. "ಹುಲ್ಲು ಆಕೆಗೇ ಕೊಡ್ರಿ" ಎಂದೆ. ಯಜಮಾನರು ತಲೆ ತಗ್ಗಿಸಿದರು. ಅಂದಿನಿಂದ ದಿನಾ ತಾವೇ ಹೊರೆ ಹೊತ್ತು ಅವಳ ಕೊಟ್ಟಿಗೆಗೆ ಹಾಕಿ ಬರುತ್ತಿದ್ದರು. ನನಗೆ ನಿಜಕ್ಕೂ ಕಣ್ಣು ತುಂಬಿತು.

ಮುಂದಿನ ಮುಂಗಾರಿಗೆ ಮೊದಲು ಹೋಗಿ ನೋಡುತ್ತೇನೆ, ಹೊಲದ ತುಂಬ ಸಾಲುಸಾಲು ಸಗಣಿ ಗೊಬ್ಬರದ ಗುಡ್ಡೆ! ಹುಲ್ಲಿನ ಜೊತೆ ಹೋದ ರಂಜಕವೆಲ್ಲ ಅಜ್ಜಿಯ ಎಮ್ಮೆಯ ಸಗಣಿಯಾಗಿ, ಟ್ರ್ಯಾಕ್ಟರ್ ಹತ್ತಿ ವಾಪಸ್ ಬಂದಿತ್ತು. ಯಾರು ಮೇವು ಕೊಡುತ್ತಾರೋ ಗೊಬ್ಬರ ಅವರ ಹೊಲಕ್ಕೆ. ಅದು ಆ ಊರಿನ ಪದ್ಧತಿ. ಯಜಮಾನರು ಬೇಡ ಎಂದರೂ ಅಜ್ಜಿ ಕೇಳಿರಲಿಲ್ಲವಂತೆ.

ಏರಿಗೆ ಓಡಿದೆ. ಎಮ್ಮೆ ಈಗಷ್ಟೇ ತಿಳಿಯಾಗತೊಡಗಿದ್ದ ಕೆರೆಗೆ ಬಾಯಿ ಹಾಕಿ ನಿಂತಿತ್ತು, ಅಜ್ಜಿ ಅದರ ಬೆನ್ನು ಸವರುತ್ತಿದ್ದಳು.

"ಅಜ್ಜೀ, ಏನು ಮಾಡಿಬಿಟ್ಟೆ! ಮಳೆ ಬಂದರೆ ಆ ಗೊಬ್ಬರ ಇದೇ ಕೆರೆಗೆ ಇಳಿಯುತ್ತೆ. ನೀರು ಮತ್ತೆ ಹಸಿರಾಗುತ್ತೆ. ಈ ಎಮ್ಮೆಯೂ ಸಾಯುತ್ತೆ!"

ಅಜ್ಜಿ ಎಮ್ಮೆಯನ್ನು ನೋಡಿದಳು, ನೀರನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಂತ ತಮ್ಮಾ, ಅವ್ರ ಹುಲ್ಲು ಮೇಯಿಸಿ ಸಗಣಿ ಇಟ್ಕಂಡ್ಲು ಅನ್ನಿಸ್ಕಂಡು ಬದುಕಾಕೆ ನಮ್ಮ ಎಮ್ಮೆಗೂ ಮನಸ್ಸಿಲ್ಲ."