ಬಿಂಬುಳಿ ರಸದ ಹನ್ನೆರಡು ತಟ್ಟೆಗಳು

ನಮ್ಮ ಕೆಮಿಸ್ಟ್ರಿ ಸರ್‌ಗೆ ಏನೂ ಗೊತ್ತಿಲ್ಲ. ಇದು ನನ್ನ ಆರೋಪವಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಸುಳ್ಯದ ನಮ್ಮ ಕಾಲೇಜಿನಲ್ಲಿ ಯಾರು ಏನು ಕೇಳಿದರೂ ಅವರ ಮುಖ ಅರಳುತ್ತಿತ್ತು. "ನನಗೆ ಗೊತ್ತಿಲ್ಲ. ನೋಡುವಾ?" ಎನ್ನುತ್ತಿದ್ದರು. ಆ ಮೇಲೆ ನೋಡುವ ಕೆಲಸವೆಲ್ಲ ಕೇಳಿದವರ ತಲೆಗೆ ಬರುತ್ತಿತ್ತು. ಹಾಗಾಗಿ ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವರ ಕ್ಲಾಸಿನಲ್ಲಿ ಪ್ರಶ್ನೆ ಕೇಳುವಷ್ಟು ದಡ್ಡರು ಯಾರೂ ಉಳಿದಿರಲಿಲ್ಲ!

ಅವರಾದರೂ ಸುಮ್ಮನಿರುವವರೇ? ಒಂದು ಕಡೆ ನಿಂತು ಪಾಠ ಮಾಡಿದ ದಾಖಲೆಯಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಾರಿಡಾರಿಗೆ. ಕೆಲವು ಸೂತ್ರಗಳ ಕೊನೆಯ ಅರ್ಧವನ್ನು ನಾವು ಗೋಡೆಯ ಆಚೆಯಿಂದ ಕೇಳಿಸಿಕೊಂಡು ಬರೆದುಕೊಂಡದ್ದುಂಟು.

ಒಂದು ದಿನ ಲ್ಯಾಬಿನಲ್ಲಿ ಒಂದು ಬಾಟಲಿ ಇಟ್ಟರು. ಮೇಲೆ ಆಲ್ಕೋಹಾಲ್ ಎಂಬ ಚೀಟಿ. ಕುದಿಯುವ ಬಿಂದು ಎಷ್ಟೆಂದು ಅಳೆಯಬೇಕು. ನಮ್ಮಲ್ಲಿ ಲ್ಯಾಬ್ ನಡೆಯುವ ಕ್ರಮವೇ ಬೇರೆ. ಪ್ರಯೋಗ ಮೇಜಿನ ಮೇಲೆ, ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಡ್ರಾಯರಿನ ಒಳಗೆ. ಸರಿಯುತ್ತರದಿಂದ ಹೊರಟು ಹಿಂದಕ್ಕೆ ಲೆಕ್ಕ ಮಾಡುತ್ತಾ ಬಂದರೆ ಬೇಕಾದ ರೀಡಿಂಗ್ ಸಿಗುತ್ತದೆ. ಹೆಚ್ಚುಕಡಿಮೆ ಎಲ್ಲರೂ ಎಪ್ಪತ್ತೆಂಟು ಡಿಗ್ರಿ ಎಂದು ಬರೆದರು. ನಾನು ಸ್ವಲ್ಪ ಅಚ್ಚುಕಟ್ಟಿನವಳು. ನಂಬಿಕೆ ಬರಲಿ ಎಂದು ಎಪ್ಪತ್ತೆಂಟು ದಶಾಂಶ ಎರಡು ಎಂದು ಬರೆದೆ.

ಸರ್ ಎಲ್ಲ ಪುಸ್ತಕಗಳನ್ನು ನೋಡಿದರು. ಬಾಟಲಿಯನ್ನು ಎತ್ತಿ ಗಟಗಟನೆ ಅರ್ಧ ಕುಡಿದರು.

"ನಳ್ಳಿ ನೀರು," ಎಂದರು. "ಬೆಳಿಗ್ಗೆ ನಾನೇ ತುಂಬಿಸಿದ್ದು."

ಆ ದಿನ ಪೂರ್ತಿ ಅಂಕ ಸಿಕ್ಕಿದ್ದು ಹಿಂದಿನ ಬೆಂಚಿನ ಒಬ್ಬನಿಗೆ ಮಾತ್ರ. ಅವನು ಬರೆದದ್ದು, 'ಗ್ಯಾಸ್ ಮುಗಿಯಿತು, ಕುದಿಯಲಿಲ್ಲ.'

ಮೂರನೇ ವರ್ಷಕ್ಕೆ ಬಂದಾಗ ಇಬ್ಬಿಬ್ಬರಿಗೆ ಒಂದೊಂದು ಸಂಶೋಧನೆ ಎಂದು ಘೋಷಿಸಿದರು. ಪುಸ್ತಕದಲ್ಲಿ ಉತ್ತರವಿರುವ ಪ್ರಶ್ನೆ ನಡೆಯುವುದಿಲ್ಲ. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಚರ್ಚೆಯೇ ಆಯಿತು. ಅಸೈನ್‌ಮೆಂಟ್ ಕೊಡಲು ಹೋದ ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಡಿಗ್ರಿ ಮಕ್ಕಳಿಗೆ ಎಂತ ಸಂಶೋಧನೆ ಮಾರಾಯ್ರೆ? ಪಿಎಚ್.ಡಿ. ಮಾಡುವಾಗ ಮಾಡ್ತಾರೆ," ಎಂದರು ಇನ್ನೊಬ್ಬ ಮೇಷ್ಟ್ರು.

"ಅಷ್ಟರಲ್ಲಿ ಕೇಳುವ ಅಭ್ಯಾಸವೇ ತಪ್ಪಿ ಹೋಗಿರ್ತದೆ," ಎಂದರು ನಮ್ಮ ಸರ್.

"ಸಿಲೆಬಸ್ ಮುಗಿಸುದು ಯಾರು?"

"ಅದು ಹೇಗೂ ಪ್ರತಿ ವರ್ಷ ಮುಗೀತದೆ. ಎಂತ ಆಯ್ತು ಅದರಿಂದ?"

ನನ್ನ ಜೊತೆಗಾರ್ತಿ ಸಂಪಾಜೆಯವಳು. ಅವಳ ಮನೆಯಲ್ಲಿ ರಬ್ಬರ್ ಇದೆ. ಮರದಿಂದ ಇಳಿಸಿದ ಹಾಲಿಗೆ ಆ್ಯಸಿಡ್ ಹಾಕಿ ಗಟ್ಟಿ ಮಾಡಿ ಶೀಟ್ ಮಾಡುತ್ತಾರೆ. ಆ ಆ್ಯಸಿಡ್ ಮೂಗಿಗೆ ಬಡಿದರೆ ಕಣ್ಣಲ್ಲಿ ನೀರು. ಇತ್ತ ಅರಂತೋಡಿನ ನಮ್ಮ ಹಿತ್ತಿಲಲ್ಲಿ ಬಿಂಬುಳಿ ಮರವಿದೆ. ಬೆರಳುದ್ದದ ಅದರ ಕಾಯಿಯ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ. ಉಪ್ಪಿನಕಾಯಿಗೆ ಎಷ್ಟು ಬೇಕು? ಉಳಿದದ್ದೆಲ್ಲ ಬುಡದಲ್ಲಿ ಕೊಳೆಯುತ್ತದೆ. ಆ್ಯಸಿಡ್ ಬದಲು ಬಿಂಬುಳಿ ರಸ ಹಾಕಿದರೆ ರಬ್ಬರ್ ಹಾಲು ಗಟ್ಟಿಯಾದೀತೇ, ಎಷ್ಟು ರಸ ಬೇಕಾದೀತು ಎಂದು ಕೇಳಿದೆವು. ಸರ್ ಕಾರಿಡಾರಿನಲ್ಲಿ ಎರಡು ಸುತ್ತು ಹೋಗಿ ಬಂದರು. "ನನಗೆ ಗೊತ್ತಿಲ್ಲ!" ಎಂದರು. ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗಿತ್ತು ಅವರ ದನಿ.

ವಾರದೊಳಗೆ ಗೆಳತಿಯ ಅಪ್ಪ ಕಾಲೇಜಿಗೆ ಬಂದರು.

"ಸರ್, ಮಗಳನ್ನು ನಾನು ಕಳಿಸಿದ್ದು ಓದ್ಲಿಕ್ಕೆ. ರಬ್ಬರ್ ಶೀಟ್ ಮಾಡುದು ಮನೆಯಲ್ಲೇ ಉಂಟಲ್ಲ?"

"ಬಿಂಬುಳಿ ಎಷ್ಟು ಹಾಕಿದರೆ ಹಾಲು ಗಟ್ಟಿ ಆಗ್ತದೆ, ನಿಮಗೆ ಗೊತ್ತುಂಟಾ?"

"ಇಲ್ಲ."

"ನನಗೂ ಗೊತ್ತಿಲ್ಲ. ಅವಳು ಓದುದು ಅದನ್ನೇ."

ಅವಳ ಅಪ್ಪ ಮುಂದಿನ ಬಸ್ಸಿಗೆ ಊರಿಗೆ ಹೊರಟರು. ಮುಂದಿನ ಸೋಮವಾರ ಗೆಳತಿಯ ಜೊತೆ ಬಸ್ಸಿನಲ್ಲಿ, ಅವರು ನೆರೆಕರೆಯಿಂದೆಲ್ಲ ಒಟ್ಟುಮಾಡಿದ ಒಂದು ಗೋಣಿ ಬಿಂಬುಳಿ ಬಂತು.

ರಬ್ಬರ್ ಹಾಲೂ ಅದೇ ಬಸ್ಸಿನಲ್ಲಿ ಕ್ಯಾನಿನೊಳಗೆ ಬರುತ್ತಿತ್ತು. ಒಂದು ದಿನ ದಾರಿಯಲ್ಲಿ ಲಾರಿ ಅಡ್ಡ ನಿಂತು, ಅವಳು ಬಂದಾಗ ಮಧ್ಯಾಹ್ನ. ಮುಚ್ಚಳ ತೆರೆದರೆ ಹಾಲು ತಾನಾಗಿಯೇ ಗಟ್ಟಿಯಾಗಿ ಕೂತಿತ್ತು. ನಾವು ಅಳುವುದೊಂದು ಬಾಕಿ. ಸರ್ ಮಾತ್ರ ಕುಣಿಯುವುದೊಂದು ಬಾಕಿ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಹಿಡಿದರು.

"ನಿಮ್ಮ ಬಸ್ಸಿನ ಒಳಗೆ ಎಷ್ಟು ಸೆಖೆ ಇರ್ತದೆ?"

"ಎಂತಕ್ಕೆ ಸರ್, ಕಂಪ್ಲೇಂಟಾ?"

"ಅಲ್ಲ ಮಾರಾಯ, ಸಂಶೋಧನೆ."

ಕಂಡಕ್ಟರ್ ಆ ದಿನದಿಂದ ನಮ್ಮ ಕ್ಯಾನಿಗೆ ಟಿಕೆಟ್ ಕೇಳುವುದನ್ನು ಬಿಟ್ಟ. ಹೆದರಿಕೆಯೋ ಗೌರವವೋ ಗೊತ್ತಿಲ್ಲ.

ಕೊನೆಗೂ ಹನ್ನೆರಡು ತಟ್ಟೆ ಸಾಲಾಗಿ ಇಟ್ಟೆವು. ಎಲ್ಲದರಲ್ಲೂ ಒಂದೇ ಅಳತೆಯ ಹಾಲು. ಮೊದಲನೆಯದಕ್ಕೆ ಒಂದು ಚಮಚ ರಸ, ಎರಡನೆಯದಕ್ಕೆ ಎರಡು, ಹೀಗೆ ಹನ್ನೆರಡರವರೆಗೆ. ಸಂಜೆ ನೋಡಿದರೆ ಒಂಬತ್ತು ಗಟ್ಟಿಯಾಗಿದ್ದವು. ಮೊದಲ ಮೂರು ನೀರು ಮೊಸರಿನ ಹಾಗೆ ಅಲುಗಾಡುತ್ತಿದ್ದವು.

ಆ ಶನಿವಾರ ಪುತ್ತೂರಿನಲ್ಲಿ ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳ ಮುಂದೆ ನಾನು ಪ್ರಬಂಧ ಓದಬೇಕಿತ್ತು. ವಿಶ್ವವಿದ್ಯಾನಿಲಯದ ಪ್ರೊಫೆಸರ್‌ಗಳೂ ಬರುವವರಿದ್ದರು, ಎಂ.ಎಸ್ಸಿ.ಗೆ ನಾನು ಹೋಗಬೇಕಾದದ್ದು ಅವರಲ್ಲಿಗೇ. 'ನಾಲ್ಕು ಚಮಚ ಬೇಕು' ಎನ್ನುವುದಕ್ಕಿಂತ 'ಒಂದೇ ಚಮಚ ಸಾಕು' ಎನ್ನುವುದು ಎಷ್ಟು ಚೆಂದ! ಶುದ್ಧ ಪ್ರತಿ ಬರೆಯುವಾಗ ನಾನು ಹನ್ನೆರಡೂ ಗಟ್ಟಿಯಾದವು ಎಂದು ಬರೆದೆ. ಗೆಳತಿ ನೋಡಿದಳು, ತಟ್ಟೆಗಳನ್ನು ತೊಳೆಯಲು ಎದ್ದು ಹೋದಳು. ಸರ್ ಓದಿದರು. "ಒಂದೇ ಚಮಚವಾ?" ಎಂದು ಮೂರು ಸಲ ಕೇಳಿದರು. ಪ್ರತಿ ಸಲವೂ ನಾನು ಹೌದೆಂದೆ.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಬರುವ ಅರ್ಧ ಗಂಟೆ ಮೊದಲೇ ರಸ್ತೆಗೆ ಬಂದು ನಿಲ್ಲುತ್ತಿದ್ದೆ. ಊಟಕ್ಕೆ ಕೂತು ಎದ್ದು ಫೈಲು ತೆರೆದು ಆ ಪುಟ ನೋಡುತ್ತಿದ್ದೆ. ಅಕ್ಷರವೇನೋ ದುಂಡಗೆ ಇತ್ತು.

ಶುಕ್ರವಾರ ಮಧ್ಯಾಹ್ನ ಸರ್ ನಮ್ಮಿಬ್ಬರನ್ನೂ ಲ್ಯಾಬಿಗೆ ಕರೆದರು. ಕೈಯಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕ. ಸಿಕ್ಕಿಬಿದ್ದೆವು ಎಂದುಕೊಂಡೆ. ಅವರು ಬಾಗಿಲು ಮುಚ್ಚಿದರು.

"ನಿಮ್ಮದನ್ನು ನಾನು ಮನೆಯಲ್ಲಿ ಮಾಡಿ ನೋಡಿದೆ," ಎಂದರು. "ನಾಲ್ಕು ಸಲ. ಮೊದಲ ಮೂರು ತಟ್ಟೆ ಗಟ್ಟಿ ಆಗುದೇ ಇಲ್ಲ."

ನಾನು ಫೈಲನ್ನು ಬೆನ್ನ ಹಿಂದೆ ಸರಿಸಿದೆ.

"ಈಗೀಗ ನನ್ನ ಕೈ ಸ್ವಲ್ಪ ನಡುಗ್ತದೆ," ಎಂದರು ಸರ್. "ಚಮಚದಿಂದ ಚೆಲ್ಲಿ ಅಳತೆ ತಪ್ಪುದು ಅಂತ ಕಾಣ್ತದೆ. ನೀವು ಹೇಗೆ ಮಾಡಿದ್ದು, ನನಗೊಮ್ಮೆ ತೋರಿಸಿ. ನಾನು ಇನ್ನು ಲ್ಯಾಬಿಗೆ ಬರಬಹುದಾ ಬೇಡವಾ ಅಂತ ಗೊತ್ತಾಗ್ಬೇಕಲ್ಲ."

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ದಿನದ ನಾಲ್ಕು ಪಟ್ಟಿ. ಪ್ರತಿ ಪಟ್ಟಿಯಲ್ಲೂ ಮೊದಲ ಮೂರು ತಟ್ಟೆಗಳ ಎದುರು ಪೆನ್ಸಿಲಿನಲ್ಲಿ ಅದೇ ಎರಡು ಪದ ಬರೆದಿದ್ದರು, 'ನನ್ನ ತಪ್ಪು'.

"ಸರ್," ಎಂದೆ. ಪುಸ್ತಕವನ್ನು ಅವರ ಕಡೆಗೇ ತಿರುಗಿಸಿದೆ. "ಸರ್, ನಮ್ಮದೂ ಗಟ್ಟಿ ಆಗ್ಲಿಲ್ಲ. ಆಯ್ತು ಅಂತ ನಾನು ಬರೆದದ್ದು. ಇವಳಲ್ಲ."

"ಯಾವುದು ಆಗ್ಲಿಲ್ಲ?"

"ಒಂದು, ಎರಡು, ಮೂರು."

ಅವರು ಬೆರಳಿಟ್ಟು ತಮ್ಮ ನಾಲ್ಕೂ ಪಟ್ಟಿಗಳನ್ನು ಮೇಲಿನಿಂದ ನೋಡಿಕೊಂಡು ಬಂದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಕಡೆ ಚಾಚಿದರು. ನಾಳೆ ಓದುವ ಪ್ರತಿ ತೆರೆದು ನಾನು ಹನ್ನೆರಡನ್ನು ಹೊಡೆದು ಒಂಬತ್ತು ಎಂದು ಬರೆದೆ.

ತಲೆ ಎತ್ತಿದಾಗ ಸರ್ ನನ್ನನ್ನು ನೋಡುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಮಗುಚಿ, ಮತ್ತೆ ಮಗುಚಿ ನೋಡುತ್ತಿದ್ದರು.

"ಹಾಗಾದ್ರೆ ಕೈ ಸರಿ ಉಂಟು," ಎಂದರು.