ನಾಯಿಮರಿಗೆಂದು ಎಳೆದ ಖಾರದ ಗೆರೆ

ನಲವತ್ತು ದಾಟಿದ ಗಂಡಸು ಮನೆಗೊಂದು ನಾಯಿಮರಿ ತರಲು ತಾಯಿಯ ಅಪ್ಪಣೆ ಕೇಳಬೇಕು ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಶಾಲೆಯಲ್ಲಿ ಒಂದು ವರ್ಗದ ಹುಡುಗರನ್ನೆಲ್ಲ ಒಂದೇ ಕೆಮ್ಮಿಗೆ ಸುಮ್ಮನಾಗಿಸುವ ನಾನು, ಅವ್ವನ ಮುಂದೆ ಬಾಯಿ ತೆರೆಯುವ ಮೊದಲು ಎರಡು ಸಲ ಕೆಮ್ಮುತ್ತೇನೆ. ಅವಳು ನೆಗಡಿಯಾಗಿದೆ ಎಂದುಕೊಂಡು ಶುಂಠಿ ಕಷಾಯ ಮಾಡಿಕೊಡುತ್ತಾಳೆ. ನಾನು ಅದನ್ನು ಕುಡಿದು ಎದ್ದುಹೋಗುತ್ತೇನೆ. ಹೀಗೆ ಎಷ್ಟೋ ಮಹತ್ವದ ವಿಷಯಗಳು ನಮ್ಮ ಮನೆಯಲ್ಲಿ ಕಷಾಯದಲ್ಲೇ ಮುಗಿದಿವೆ.

ನಾಯಿ ಸಾಕುವ ಆಸೆ ನಾನು ಚಡ್ಡಿ ಹಾಕುತ್ತಿದ್ದ ಕಾಲದ್ದು. ಆಗ ಅವ್ವ, "ಮೊದಲ ನೀ ಶ್ಯಾಣ್ಯಾ ಆಗು. ಆಮ್ಯಾಲ ನಾಯಿ ಮಾತು ನೋಡೂಣು" ಅಂದಿದ್ದಳು. ಆಮೇಲೆ ನಾನು ಪದವಿ ಪಡೆದೆ, ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಭೂಗೋಳದ ಮಾಸ್ತರನಾದೆ, ಮದುವೆಯಾದೆ. ಆದರೂ ನಾನು ಶ್ಯಾಣ್ಯಾ, ಅಂದರೆ ಜಾಣ, ಆದೆನೆಂದು ಅವ್ವನಿಂದ ಯಾವ ಸೂಚನೆಯೂ ಬರಲಿಲ್ಲ.

ಬ್ಯಾಡಗಿಯಿಂದ ದಿನಾ ರೈಲಿನಲ್ಲಿ ಹೋಗಿಬರುವವನು ನಾನು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಚಂದ್ರಪ್ಪ ಕುಪ್ಪೇಲೂರಿನವರು. ಅವರ ಮನೆಯ ನಾಯಿ ಮರಿ ಹಾಕಿದ ಸುದ್ದಿ ಹೇಳಿ, "ಒಂದು ಹೆಣ್ಣ ಮರಿ ನಿಮಗಂತನ ತಗದಿಟ್ಟೇನ್ರಿ" ಎಂದಾಗ ನನ್ನ ಹಳೆಯ ಆಸೆ ಮತ್ತೆ ಬಾಲ ಅಲ್ಲಾಡಿಸಿತು. ಅಂದು ಸಂಜೆ ನಾನು ಕಷಾಯ ಕುಡಿದ ಮೇಲೂ ಎದ್ದುಹೋಗದೆ ಕೂತು, ವಿಷಯ ಹೇಳಿಯೇ ಬಿಟ್ಟೆ.

ಅವ್ವ ಬಹಳ ಹೊತ್ತು ಅಕ್ಕಿ ಆರಿಸಿದಳು. ಕೊನೆಗೆ, "ಬರ್ಲಿ. ಆದ್ರ ಒಂದು ಮಾತು. ಅಡಿಗಿ ಮನ್ಯಾಗ ದೇವರ ಜಗಲಿ ಐತಿ. ಆ ಹೊಸ್ತಿಲಾ ದಾಟಿದವರನ್ನ ಅವತ್ತ ಕುಪ್ಪೇಲೂರ ಬಸ್ಸಿಗೆ ಹತ್ತಸಾಕಿ ನಾನು. ಆಮ್ಯಾಲ ಯಾರ ಮಾತೂ ಕೇಳಂಗಿಲ್ಲ" ಅಂದಳು. ಅವ್ವ ಆಡಿದ ಮಾತನ್ನು ಹಿಂತೆಗೆದುಕೊಂಡಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ.

ಮರಿ ತಾಯಿಯ ಹಾಲು ಬಿಡುವವರೆಗೆ ಸಮಯವಿತ್ತು. ನಾನು ತಯಾರಿಗೆ ನಿಂತೆ. ಟೀವಿಯ ವೈರನ್ನು ಎತ್ತಿ ಗೂಟಕ್ಕೆ ಕಟ್ಟಿದೆ. ರದ್ದಿಗೆ ಹಾಕಬೇಕಿದ್ದ ಪೇಪರುಗಳನ್ನೆಲ್ಲ ಪಡಸಾಲೆಯ ನೆಲಕ್ಕೆ ಹಾಸಿದೆ. ಮಲಗಲು ಗೋಣಿಚೀಲ ಬೇಕಲ್ಲ, ನಮ್ಮೂರಿನಲ್ಲಿ ಚೀಲಕ್ಕೇನು ಬರ, ಒಂದು ತಂದೆ. ಆದರೆ ಬ್ಯಾಡಗಿಯ ಚೀಲವೆಂದರೆ ಅದು ಮೆಣಸಿನಕಾಯಿಯ ಚೀಲವೇ. ಎಷ್ಟು ತೊಳೆದರೂ ಮನೆಮಂದಿಯೆಲ್ಲ ಸೀನುವುದು ನಿಲ್ಲಲಿಲ್ಲ. ಕೊನೆಗೆ ನನ್ನ ಹಳೆಯ ಸ್ವೆಟರನ್ನೇ ಹಾಸಿಗೆ ಮಾಡಿದೆ. ಮರಿಗಳು ಚಪ್ಪಲಿ ಕಡಿಯುತ್ತವೆ ಎಂದು ಚಂದ್ರಪ್ಪ ಹೇಳಿದ್ದರಿಂದ ಬಾಗಿಲ ಹೊರಗಿರುತ್ತಿದ್ದ ನನ್ನ ಚಪ್ಪಲಿಗಳನ್ನು ಪಡಸಾಲೆಯ ಕಪಾಟಿನ ಮೇಲೇರಿಸಿದೆ. ದಿನಾ ಬೆಳಿಗ್ಗೆ ಸ್ಟೂಲು ಹತ್ತಿ ಚಪ್ಪಲಿ ಇಳಿಸಿ, ಅಲ್ಲಿಯೇ ಮೆಟ್ಟಿಕೊಂಡು ರೈಲಿಗೆ ಓಡುವುದು ರೂಢಿಯಾಯಿತು.

ಹೆಂಡತಿ ಗಿರಿಜಾ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ, "ನಾ ಈ ಮನಿಗೆ ಬರೂ ಮುಂದ ಇಷ್ಟು ತಯಾರಿ ನಡದಿತ್ತೇನ್ರಿ?" ಎಂದು ಕೇಳಿದಳು. ಆಗ ಸುಣ್ಣ ಬಳಿಸಿದ್ದೆವು, ಅದೂ ಬರೀ ಮುಂದಿನ ಗೋಡೆಗೆ. ಹಾಗಾಗಿ ನಾನು ಪೇಪರು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಮರಿ ಚಂದ್ರಪ್ಪನವರ ಕೈಚೀಲದಲ್ಲಿ ರಾಣೆಬೆನ್ನೂರಿಗೆ ಬಂತು, ಅಲ್ಲಿಂದ ನನ್ನ ತೊಡೆಯ ಮೇಲೆ ಬ್ಯಾಡಗಿಗೆ. ದಾರಿಯುದ್ದಕ್ಕೂ ನನ್ನ ಅಂಗಿಯ ಗುಂಡಿ ಚೀಪುತ್ತ ಹಾಗೇ ನಿದ್ದೆಹೋಯಿತು. ನನಗಾದ ಸಂತೋಷವನ್ನು ಹೇಳಿದರೆ ವಯಸ್ಸಿಗೆ ಶೋಭಿಸದು, ಆದರೂ ಹೇಳುತ್ತೇನೆ: ಕಣ್ಣು ತುಂಬಿ ಬಂತು. ಇದನ್ನು ತಿರುಗಿ ಕುಪ್ಪೇಲೂರಿಗೆ ಕಳಿಸುವ ದಿನ ಬರಬಾರದೆಂದು ಆಗಲೇ ಹೆದರಿಕೆಯೂ ಹುಟ್ಟಿತು.

ಹೆದರಿಕೆಗೆ ಕಾರಣವಿತ್ತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಮರಿ ಅಡುಗೆಮನೆಯ ಕಡೆಗೇ ಹೊರಡುತ್ತಿತ್ತು. ನಾನು ಮನೆಯಲ್ಲಿದ್ದಾಗ ಎತ್ತಿ ತರುತ್ತಿದ್ದೆ. ಇಲ್ಲದಾಗ ಯಾರು ನೋಡಬೇಕು? ಚಂದ್ರಪ್ಪನವರನ್ನು ಕೇಳಿದೆ. "ಭಾಳ ಸರಳ ಐತ್ರಿ ಸರ. ಹೊಸ್ತಿಲದ ಮುಂದ ಖಾರಪುಡೀಲೆ ಒಂದು ಗೆರಿ ಎಳೀರಿ. ಒಮ್ಮೆ ಮೂಸಿತಂದ್ರ ಮತ್ತ ಆ ಕಡೆ ಹಾಯಂಗಿಲ್ಲ" ಅಂದರು. ಬ್ಯಾಡಗಿಯವನಿಗೆ ಖಾರಪುಡಿಯ ಉಪಾಯ ಹೊರಗಿನವರು ಹೇಳಿಕೊಡಬೇಕಾಯಿತಲ್ಲ ಎಂದು ನಾಚಿಕೆಯೇ ಆಯಿತು. ಮರುದಿನ ಬೆಳಿಗ್ಗೆ ಗಿರಿಜಾಳ ಡಬ್ಬಿಯಿಂದ ಧಾರಾಳವಾಗಿ ತೆಗೆದು ಅಡ್ಡಕ್ಕೆ ದಪ್ಪನೆಯ ಗೆರೆ ಎಳೆದೆ.

ನಮ್ಮೂರ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಇದನ್ನು ಪ್ರತಿವರ್ಷ ಭೂಗೋಳದ ತಾಸಿನಲ್ಲಿ ಹುಡುಗರಿಗೆ ಹೇಳಿಕೊಡುವವನು ನಾನೇ. ಊಟಕ್ಕೆ ಬಂದ ಬೀಗರು ಕೆಂಪು ಸಾರು ಕಂಡು ಹೆದರಿದರೆ ಧೈರ್ಯ ಹೇಳುವವನೂ ನಾನೇ. ಅವತ್ತು ಮಾತ್ರ ಆ ಪಾಠ ನನಗೆ ನೆನಪಾಗಲಿಲ್ಲ.

ಸ್ಟೂಲಿನಿಂದಿಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಮರಿ ಗೆರೆಯ ಬಳಿ ಹೋಯಿತು, ಮೂಸಿತು, ಒಂದು ಸೀನು ಸೀನಿತು. ಆಮೇಲೆ ಅದರ ಮೇಲೆಯೇ ನಡೆದು, ಕೆಂಪು ಹೆಜ್ಜೆಗಳನ್ನಿಡುತ್ತ ಹೊಸ್ತಿಲ ಕಡೆಗೆ ಹೊರಟಿತು. ನನಗೆ ಕುಪ್ಪೇಲೂರಿನ ಬಸ್ಸು ಕಣ್ಣ ಮುಂದೆ ಬಂತು. "ಹೋಗಬ್ಯಾಡ" ಎಂದು ಕೂಗುತ್ತ ಓಡಿದೆ. ಅಡ್ಡ ನಿಂತು ತಡೆಯಬೇಕೆಂದು ಗೆರೆ ತುಳಿದು, ಮರಿಯನ್ನೂ ದಾಟಿ ಒಂದೇ ನೆಗೆತ ನೆಗೆದೆ. ನೆಗೆದು ನಿಂತದ್ದು ಅವ್ವನ ರೊಟ್ಟಿ ಕಲ್ಲಿನ ಪಕ್ಕದಲ್ಲಿ.

ಮರಿ ಹೊಸ್ತಿಲ ಆಚೆಯೇ ಕೂತಿತ್ತು. ರೊಟ್ಟಿಯ ವಾಸನೆ ಅಲ್ಲಿಗೇ ಸಾಕಾಗುವಷ್ಟು ಬರುತ್ತಿತ್ತು, ಒಳಗೆ ಬರುವ ವಿಚಾರವೇ ಅದಕ್ಕಿದ್ದಂತೆ ಕಾಣಲಿಲ್ಲ.

ಅವ್ವ ಮರಿಯನ್ನು ನೋಡಿದಳು. ನಂತರ ಸಾರಿಸಿದ ನೆಲದ ಮೇಲಿನ ಕೆಂಪು ಗುರುತುಗಳನ್ನು, ಅವುಗಳ ತುದಿಗಿದ್ದ ನನ್ನ ಚಪ್ಪಲಿಗಳನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, "ಗಿರಿಜಾ, ಕುಪ್ಪೇಲೂರ ಬಸ್ ಎಷ್ಟೊತ್ತಿಗೈತಿ, ಕೇಳು ಇವನ್ನ" ಅಂದಳು.

"ಚಪ್ಪಲಿ ಹಾಕ್ಕೊಂಡ ನಿಂತಾರ್ರಿ ಅತ್ತಿ. ಅವರು ತಯಾರ ಅದಾರ" ಅಂದಳು ಗಿರಿಜಾ.

ಬಸ್ಸು ಹತ್ತಿಸಲಿಲ್ಲ ಎನ್ನುವುದು ಅವ್ವನ ದೊಡ್ಡತನ. ಅಥವಾ ಚಂದ್ರಪ್ಪನವರು ನನ್ನನ್ನು ಇಟ್ಟುಕೊಳ್ಳಲು ಒಪ್ಪಲಾರರು ಎಂಬ ಅನುಮಾನ. ಅಂದು ಅವ್ವ ಕುಂತಲ್ಲಿಂದಲೇ ಬಿಸಿ ರೊಟ್ಟಿಯ ಒಂದು ಚೂರು ಹೊಸ್ತಿಲ ಆಚೆಗೆ ಎಸೆದಳು. ಮೊದಲ ರೊಟ್ಟಿಯ ಚೂರು ಇವತ್ತಿಗೂ ಮರಿಗೇ. ನನ್ನ ಚಪ್ಪಲಿ ಮತ್ತೆ ಬಾಗಿಲ ಹೊರಗೆ ಬಿದ್ದಿದೆ, ಅದನ್ನು ಯಾರೂ ಕಡಿದಿಲ್ಲ. ನಾನು ತಾಟು ಹಿಡಿದು ಹೊಸ್ತಿಲ ಹೊರಗೆ, ಮರಿಯ ಪಕ್ಕದಲ್ಲಿ ಊಟಕ್ಕೆ ಕೂರುತ್ತೇನೆ. ಒಳಗೆ ಬಾ ಎಂದು ಇನ್ನೂ ಯಾರೂ ಕರೆದಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ, "ಮರಿಗೆ ರೂಢಿ ಆತೇನ್ರಿ ಅವ್ವಾರ?" ಎಂದು ಕೇಳಿದ್ದು ಪಡಸಾಲೆಗೆ ಕೇಳಿಸಿತು.

"ಅದು ಭಾಳ ಶ್ಯಾಣ್ಯಾ ಐತವಾ, ಬಂದ ವಾರದಾಗ ಕಲಿತು" ಅಂದಳು ಅವ್ವ. "ಮಗಗ ಇನ್ನೊಂದಿಷ್ಟು ದಿನ ಹಿಡೀತೈತಿ."