ತೂತಿನ ಕಾರ್ಡು ಮತ್ತು ನನ್ನ ಅಭಿಪ್ರಾಯ

ಕಾಣದ ವಸ್ತುವಿನ ಬಗ್ಗೆ ಅಭಿಪ್ರಾಯ ಹೇಳುವುದರಲ್ಲಿ ಇರುವ ಸುಖ ಕಂಡದ್ದರ ಬಗ್ಗೆ ಹೇಳುವುದರಲ್ಲಿಲ್ಲ. ಕಂಡ ವಸ್ತು ಎದುರಿಗೇ ನಿಂತು ನಮ್ಮನ್ನು ಸುಳ್ಳು ಮಾಡಿಬಿಡುತ್ತದೆ. ಆ ತೊಂದರೆ ಇಲ್ಲದ್ದರಿಂದಲೇ ಎಪ್ಪತ್ತರ ದಶಕದಲ್ಲಿ ನಾನು ಕಂಪ್ಯೂಟರಿನ ಬಗ್ಗೆ ಇಡೀ ವಿಜಾಪುರದಲ್ಲಿ ಯಾರಿಗೂ ಇಲ್ಲದಷ್ಟು ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದೆ. ಕಂಪ್ಯೂಟರನ್ನು ಮಾತ್ರ ನೋಡಿರಲಿಲ್ಲ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿಬರುವವನು. ಸಂಜೆ ಸ್ಟೇಷನ್ ರಸ್ತೆಯ ವಾಚನಾಲಯದಲ್ಲಿ ಕುಳಿತು ಇಂಗ್ಲಿಷ್ ಪತ್ರಿಕೆಗಳಲ್ಲಿ ಕಂಪ್ಯೂಟರ್ ಎಂಬ ಶಬ್ದ ಎಲ್ಲಿದ್ದರೂ ಹುಡುಕಿ ಓದುತ್ತಿದ್ದೆ. ಮರುದಿನ ಬಸ್ಸಿನಲ್ಲಿ ಅದರ ಪ್ರವಚನ. ವಾಲ್ವಿನ ಕಾಲ ಮುಗಿಯಿತು, ಉಗುರಗಲದ ಚೂರಿನಲ್ಲಿ ಸಾವಿರ ಟ್ರಾನ್ಸಿಸ್ಟರ್ ಕೂಡುತ್ತವೆ, ನನ್ನ ಅಭಿಪ್ರಾಯದಲ್ಲಿ ಟೇಪಿಗೆ ಭವಿಷ್ಯವಿಲ್ಲ, ಡಿಸ್ಕೇ ಗತಿ! ಹೊನವಾಡದ ದ್ರಾಕ್ಷಿ ಬೆಳೆಗಾರರೊಬ್ಬರು ಇದನ್ನೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಮಾಡುತ್ತಿದ್ದರೆಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಾಳೆ. ಆಕೆ ಆ ಬಸ್ಸಿನಲ್ಲಿ ಒಮ್ಮೆಯೂ ಬಂದವಳಲ್ಲ.

ಹೀಗಿರುವಾಗ ನನ್ನ ಬಾಲ್ಯದ ಗೆಳೆಯ ರಜಾಕ್ ಪುಣೆಯಿಂದ ಬಂದ. ಅವನು ಅಲ್ಲಿ ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ. ನಮ್ಮ ಸೀಮೆಯ ಮಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ ಅದರಿಂದ ಏನೋ ಹೊರಡಿಸುವ ಕೆಲಸ. ತಂಗಿಯ ಮದುವೆಗೆ ಬಬಲೇಶ್ವರಕ್ಕೆ ಹೊರಟವನು ನಮ್ಮ ಮನೆಗೆ ಬಂದು ಒಂದು ರಟ್ಟಿನ ಡಬ್ಬಿಯನ್ನು ನನ್ನ ಕೈಗಿಟ್ಟ.

"ಮದುವಿ ಮನ್ಯಾಗ ಇದನ್ನ ಎಲ್ಲಿ ಇಡ್ಲೋ? ಆರು ತಿಂಗಳ ದುಡಿಮಿ ಅದ ಇದರಾಗ. ಬ್ಯಾರೆ ಪ್ರತಿ ಇಲ್ಲ. ಕಾರ್ಡು ಹಿಂದ ಮುಂದ ಆದ್ರ ನಾ ಸತ್ತಂಗ. ಸೋಮವಾರ ಬಂದು ಒಯ್ತೀನಿ."

ಅವನು ಹೋದ ಮೇಲೆ ಡಬ್ಬಿ ತೆರೆದೆ. ಇನ್ನೂರು ಚಿಲ್ಲರೆ ಕಾರ್ಡುಗಳು, ಆಗಿನ ಕಂಪ್ಯೂಟರ್ ಅಂಕಿಗಳನ್ನು ಓದುತ್ತಿದ್ದದ್ದು ಇಂಥವುಗಳಿಂದಲೇ. ಒಂದೊಂದರಲ್ಲೂ ಅಕ್ಕಿಕಾಳಿನಷ್ಟು ಸಣ್ಣ ತೂತುಗಳು, ಒಂದು ಕಾರ್ಡಿನಂತೆ ಇನ್ನೊಂದಿಲ್ಲ. ನಮ್ಮೂರಿನ ಮಳೆ, ನಾವು ತಲೆಯೆತ್ತಿ ಕಾದ ಮಳೆ, ಬಾರದೆ ಹೋದ ಮಳೆ, ಎಲ್ಲ ಈ ತೂತುಗಳಲ್ಲಿ ಕುಳಿತಿದೆಯಲ್ಲ ಎಂದು ಬೆರಗಾದೆ. ಇಂಥ ಬೆರಗನ್ನು ಒಬ್ಬನೇ ಇಟ್ಟುಕೊಳ್ಳುವುದು ನನ್ನ ಸ್ವಭಾವದಲ್ಲಿಲ್ಲ.

ಶನಿವಾರ ಇಳಿಬಿಸಿಲಿನಲ್ಲಿ ಮನೆಯ ಕಟ್ಟೆಯ ಮೇಲೆ ನಿಂತು ಒಂದು ಕಾರ್ಡನ್ನು ಸೂರ್ಯನಿಗೆ ಹಿಡಿದೆ. ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ಬಿದ್ದವು. ಓಣಿಯ ಹೆಂಗಸರು ನೆರೆದರು. "ಬೆಳಕು ಹಾಯ್ದರೆ ಹೌದು, ಹಾಯದಿದ್ದರೆ ಇಲ್ಲ. ಕಂಪ್ಯೂಟರಿಗೆ ಈ ಎರಡೇ ಮಾತು ಗೊತ್ತು" ಎಂದು ಶುರುಮಾಡಿದೆ. ಮಾತಿನ ಭರದಲ್ಲಿ ಡಬ್ಬಿಯಿಂದ ಹಿಡಿಹಿಡಿಯಾಗಿ ತೆಗೆದು ಎಲ್ಲರ ಕೈಗೂ ಕೊಟ್ಟೆ.

"ಮಂದಿ ಸಾಮಾನ ಅದರಿ ಅದು, ಒಳಗ ಇಡ್ರಿ" ಎಂದಳು ಸುಮಿತ್ರಾ.

"ಜ್ಞಾನ ಹಂಚಿದರೆ ಕಡಿಮೆಯಾಗುವುದಿಲ್ಲ" ಎಂದೆ.

ಎದುರು ಮನೆಯ ಗಂಗವ್ವ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಸ್ತರ, ಭಾಳ ಚಂದ ಅದಾವ್ರಿ. ನಾಳೆ ಕೊಡ್ತೇವ್ರಿ" ಎಂದಳು. ಉಳಿದವರೂ ಹಾಗೇ ಅಂದರು. ವಿಜ್ಞಾನದ ಮೇಲೆ ನಮ್ಮ ಓಣಿಗೆ ಇಷ್ಟು ಪ್ರೀತಿಯೇ ಎಂದು ನನ್ನ ಎದೆ ಉಬ್ಬಿತು, ಒಯ್ಯಿರಿ ಎಂದೆ.

ರವಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯುದ್ದಕ್ಕೂ, ಸಾರಿಸಿದ ಪ್ರತಿಯೊಂದು ಅಂಗಳದಲ್ಲಿ, ಅಚ್ಚು ಹಾಕಿದಂತೆ ಬಿಳಿಯ ಚುಕ್ಕಿಗಳು. ಗಂಗವ್ವ ಕುಕ್ಕರುಗಾಲಲ್ಲಿ ಕುಳಿತು ನೆಲದ ಮೇಲೆ ಕಾರ್ಡು ಇಟ್ಟು, ಮೇಲಿಂದ ರಂಗೋಲಿ ಪುಡಿ ಉದುರಿಸಿ, ಬೆರಳಿನಿಂದ ಸವರಿ, ಮೆಲ್ಲಗೆ ಎತ್ತುತ್ತಿದ್ದಳು. ರಜಾಕನ ಆರು ತಿಂಗಳ ಮಳೆ ನಮ್ಮ ಓಣಿಯ ನೆಲಕ್ಕೆ ಇಳಿದಿತ್ತು. ಹೆದರಿಕೆಯ ನಡುವೆಯೂ ಒಂದು ಗಳಿಗೆ ಮೈಮರೆತು ನಿಂತೆ. ಅಷ್ಟು ಚೆಂದವಿತ್ತು.

ಆಮೇಲೆ ಮನೆಮನೆಗೆ ಓಡಿದೆ. ಎಲ್ಲ ಕಾರ್ಡೂ ಸಿಕ್ಕವು. ಆದರೆ ಈಗ ಅವು ಇದ್ದದ್ದು ಓಣಿಯ ಮನೆಗಳ ಸಾಲಿನಲ್ಲಿ, ಮಳೆಯ ಸಾಲಿನಲ್ಲಲ್ಲ. ಮಧ್ಯಾಹ್ನದವರೆಗೆ ನೆಲದ ಮೇಲೆ ಹರವಿಕೊಂಡು ಕುಳಿತೆ. ತೂತು ಹೆಚ್ಚಿದ್ದು ಮೊದಲು ಬರುತ್ತದೆಂಬುದು ನನ್ನ ಒಂದು ಅಭಿಪ್ರಾಯ, ಕಡಿಮೆ ಇದ್ದದ್ದು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿರಲಿಲ್ಲ. ಗೆಳೆಯನ ಬದುಕನ್ನೇ ಹಾಳುಮಾಡಿದೆನಲ್ಲ ಎಂದು ಅಳು ಬಂತು, ಅತ್ತೂಬಿಟ್ಟೆ.

ಸುಮಿತ್ರಾ ಒಳಗಿನಿಂದ ಬಂದಳು. ಎದುರಿಗೆ ಕುಳಿತು ಒಂದೊಂದೇ ಕಾರ್ಡಿನ ಪುಡಿಯನ್ನು ಸೆರಗಿನಿಂದ ಒರೆಸಿ, ಎಲ್ಲವನ್ನೂ ಅಂಚು ಕೂಡಿಸಿ ನಿಲ್ಲಿಸಿದಳು. ಮೇಲಂಚನ್ನು ದಿಟ್ಟಿಸಿ, "ಇದೇನ್ರೀ, ಒಂದೊಂದಕ್ಕೂ ಪೆನ್ಸಿಲಿನ ಚುಕ್ಕಿ ಅದ?" ಎಂದಳು.

"ಕೊಳೆ ಇರಬೇಕು."

"ಕೊಳಿ ಅಲ್ರಿ. ರಬಕವಿಯೊಳಗ ನಮ್ಮ ಅಪ್ಪನ ಮಗ್ಗಕ್ಕ ಹಿಂಥಾವ ತೂತಿನ ಪಟ್ಟಿ ಅದಾವ. ಸಾಲು ತಪ್ಪಿದ್ರ ಸೆರಗಿನ ಹೂವು ಕೆಡ್ತದ. ನಾವು ದಾರ ಹಾಕಿ ಒಂದಕ್ಕೊಂದು ಹೊಲಿದಿರ್ತೇವಿ. ಇವು ಬಿಡಿ ಅದಾವಲ್ಲ, ಅದಕ್ಕ ಎಲ್ಲಾ ಕೂಡಿಸಿ ಮ್ಯಾಲೆ ಓರೆ ಗೀಟು ಹೊಡದಾರ."

ಅಷ್ಟೇ. ಚುಕ್ಕಿ ಎಡಕ್ಕಿದ್ದದ್ದು ಮೊದಲು, ಕೂದಲೆಳೆ ಬಲಕ್ಕೆ ಸರಿದದ್ದು ಆಮೇಲೆ. ಚಹಾದ ಹೊತ್ತಿಗೆ ಇನ್ನೂರು ಚುಕ್ಕಿಗಳು ಕೂಡಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೆಟ್ಟನೆಯ ಓರೆ ಗೆರೆಯಾದವು. ಆ ಗೆರೆಯನ್ನೂ ಆಕೆಯ ಬೆರಳುಗಳನ್ನೂ ನೋಡುತ್ತ ಕುಳಿತೆ. ಮದುವೆಯಾಗಿ ಒಂಬತ್ತು ವರ್ಷ, ಮಾವನ ಮಗ್ಗ ಹೇಗೆ ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರ ರಜಾಕ್ ಬಂದಾಗ ಎಲ್ಲ ಒಪ್ಪಿಕೊಂಡೆ, ಸಾಲು ಕೂಡಿಸಿದವಳು ಸುಮಿತ್ರಾ ಎಂಬುದನ್ನೂ ಹೇಳಿದೆ. ಅವನ ಮುಖ ಬಿಳಿಚಿತು. ಗೆರೆಯನ್ನು ಎರಡು ಸಲ ನೋಡಿ, ಡಬ್ಬಿ ಹಿಡಿದು ಹೋದ. ತಿಂಗಳ ನಂತರ ಪತ್ರ ಬಂತು: "ಪ್ರೋಗ್ರಾಮ್ ತಪ್ಪಿಲ್ಲದೆ ಓಡಿತು. ಕಂಪ್ಯೂಟರ್ ನೋಡಲು ಇಬ್ಬರೂ ಪುಣೆಗೆ ಬರ್ರಿ. ಒಳಗೆ ಬಿಡಲು ಒಬ್ಬರಿಗೆ ಮಾತ್ರ ಪರವಾನಗಿ ಸಿಕ್ಕಿದೆ. ಸುಮಿತ್ರಾ ವೈನಿಯವರ ಹೆಸರು ಬರೆಸಿದ್ದೇನೆ."

ಹೋದೆವು. ಧೂಳು ತಾಗಬಾರದೆಂದು ಚಪ್ಪಲಿ ಹೊರಗೆ ಬಿಡಬೇಕಿತ್ತು. ಸುಮಿತ್ರಾ ಸೆರಗು ಹೊದ್ದು ರಜಾಕನ ಹಿಂದೆ ಒಳಗೆ ಹೋದಳು. ನಾನು ಬೆಂಚಿನ ಮೇಲೆ ಆಕೆಯ ಚಪ್ಪಲಿ ಕಾಯುತ್ತ ಕುಳಿತೆ. ಬಾಗಿಲು ತೆರೆದಾಗೊಮ್ಮೆ ತಣ್ಣನೆಯ ಗಾಳಿ, ಗುಂಯ್ ಎಂಬ ಸದ್ದು. ಅರ್ಧ ತಾಸಿಗೆ ಆಕೆ ಹೊರಗೆ ಬಂದಳು. ಕಣ್ಣುಗಳು ಹೊಳೆಯುತ್ತಿದ್ದವು.

"ನೋಡಿದೆಯಾ? ನಾನು ಹೇಳುತ್ತಿದ್ದ ಹಾಗೇ ಇದೆಯಲ್ಲ?" ಎಂದೆ.

ಆಕೆ ಬೆಂಚಿನ ಹತ್ತಿರ ಬಂದಳು. ನನ್ನ ಮನಸ್ಸು ನೋಯಬಾರದೆಂದು ಬಹಳ ಮೆಲ್ಲಗೆ, "ನೀವು ಹೇಳಿದ್ದು ಒಂದೂ ಇಲ್ರಿ ಅಲ್ಲಿ" ಎಂದಳು.

ನಾನು ಚಪ್ಪಲಿಗಳನ್ನು ಆಕೆಯ ಮುಂದೆ ಜೋಡಿಸಿಟ್ಟೆ. ಬೆಂಚಿನ ಮೇಲೆ ಸರಿದು ಜಾಗ ಮಾಡಿ, "ಹಂಗಾರ ಹೆಂಗದ? ಹೇಳು" ಎಂದೆ. ಕಂಪ್ಯೂಟರಿನ ಬಗ್ಗೆ ನಾನು ಯಾರನ್ನಾದರೂ ಕೇಳಿದ್ದು ಅದೇ ಮೊದಲು.